ಸತ್ತವನ ಪ್ಯಾಂಟು

ಹದಿನೆಂಟು ದಿನದ ಕರಾರು. ದಾರ ಅವರದು, ಸೂಜಿ ನನ್ನದು.
ಚಳ್ಳಕೆರೆಯಿಂದ ಲಗೇಜ್ ಆಟೋದಲ್ಲಿ ಮಿಷನ್ನು ಹೇರಿಕೊಂಡು
ಕಾವಲಿಗೆ ಬಂದಿಳಿದರೆ, ಹುಲ್ಲಿನ ಮೇಲೆ
ರಾತ್ರೋರಾತ್ರಿ ಒಂದು ಊರು ಹಾಸಿಕೊಂಡಿತ್ತು,
ಕೋಳಿಯಿಲ್ಲದೆ, ಬರೀ ಸೀಟಿಗೆ ಬೆಳಗಾಗುವ ಊರು.

ಮೊದಲ ಕೆಲಸ ತೋಳುಪಟ್ಟಿ.
ಕೆಂಪು ಕಡೆಗೆ ಆರುನೂರು, ನೀಲಿ ಕಡೆಗೆ ಆರುನೂರು.
ಕೆಂಪು ಸಾಲದೆ ಬಂತು, ಪೇಟೆಗೆ ಹೇಳಿ ಕಳಿಸಿ
ಲಂಗದ ಥಾನು ತರಿಸಿದೆ.
ಬೆಳಗ್ಗೆ ಒಬ್ಬರ ದಂಡು ಹೊಲಿದೆ, ಮಧ್ಯಾಹ್ನ ವೈರಿಯದು,
ಎರಡಕ್ಕೂ ಅದೇ ಬಿಳಿ ದಾರ.
'ಯಾರು ಗೆಲ್ತಾರೆ ಪುಂಡಲೀಕಣ್ಣ?' ಟೀ ಹುಡುಗ ಕೇಳಿದ.
ನನಗೇನು ಗೊತ್ತು. ಉಳಿದದ್ದು ಎರಡು ಮೊಳ ಕೆಂಪು.

ಮದುವೆ ಸಫಾರಿ, ಶಾಲೆ ಚಡ್ಡಿ, ಪೊಲೀಸರ ಖಾಕಿ
ನಲವತ್ತು ವರ್ಷ ಹೊಲಿದವನು ನಾನು. ಈ ಬಟ್ಟೆಯೇ ಬೇರೆ.
ಎಲ್ಲಿಯದೋ ಮಳೆಗಾಡಿನ ಎಲೆ ಅಚ್ಚಾಗಿದೆ ಇದರ ಮೇಲೆ;
ಈ ಕಾವಲಿಗೋ ಒಣಹುಲ್ಲಿನದೊಂದೇ ಬಣ್ಣ.
ಅಡಗಲೆಂದು ತೊಟ್ಟವರು ಹರದಾರಿ ದೂರಕ್ಕೇ
ಹಸಿ ಪೊದೆ ಎದ್ದು ನಡೆದಂತೆ ಕಾಣುವರು.
ಕುರಿ ಕಾಯುವ ಗಾದ್ರಿ ಕರಿ ಕಂಬಳಿಯ ಕೊಪ್ಪೆ ಹಾಕಿ
ಎರಡು ದಂಡಿನ ನಡುವೆ ಇನ್ನೂರು ಕುರಿ ದಾಟಿಸಿದ,
ಯಾರ ದುರ್ಬೀನಿಗೂ ಬೀಳಲಿಲ್ಲ.
ಹಾಗಂತ ಅವನೇ ಹೇಳಿದ್ದು.

ಟ್ಯಾಂಕಿನ ಬಲೆಗೆ ಚಿಂದಿ ಬೇಕೆಂದರು, ಅಂಗಡಿಯ ಮೂಟೆ ಬಿಚ್ಚಿದೆ.
ಹಾಗಾಗಿ ಒಂದು ಫಿರಂಗಿಯ ಮೂತಿಯಲ್ಲಿ ಈಗ
ನಾಯಕನಹಟ್ಟಿಯ ಮದುಮಗಳೊಬ್ಬಳ ರವಿಕೆಯ ಹಸಿರು ತುಂಡು
ಗಾಳಿಗೆ ಪಟಪಟ ಅನ್ನುತ್ತಿದೆ.

ಸಂಜೆ ಬೂಟು ಬಿಚ್ಚುವ ಹೊತ್ತಿಗೆ
ಕಾಲುಚೀಲದ ತುಂಬ ಊಬು, ನೆಗ್ಗಿಲು ಮುಳ್ಳು.
ಮುಖದ ಮಸಿ ತೊಳೆಯದ ಗಂಡಸರು ಸುತ್ತ ಕೂತು
ಒಬ್ಬರದೊಬ್ಬರು ಹೆಕ್ಕುವರು,
ಜಗಲಿಯಲ್ಲಿ ಅಕ್ಕತಂಗಿಯರು ಹೇನು ಹೆಕ್ಕುವ ಹಾಗೆ,
ಯಾರದೋ ಚಾಡಿ ಹೇಳಿಕೊಂಡು.

ಹನ್ನೊಂದನೆಯ ದಿನ ಕುಂಟುತ್ತಾ ಒಬ್ಬ ಬಂದ.
ಅಂಗಿಯ ಗುಂಡಿಗೆ ಬಿಳಿ ಚೀಟಿ.
'ಕ್ಯಾ ಹುವಾ?' ಎಂದೆ. 'ಮರ್ ಗಯಾ' ಎಂದ.
ಹತ್ತೂಕಾಲಿಗೆ ಸತ್ತದ್ದು. ತೀರ್ಪಿನ ಸಾಹೇಬರು ಬರೆದುಕೊಟ್ಟಿದ್ದಾರೆ,
ಸಂಜೆ ಆರರ ತನಕ ಬದುಕುವ ಹಾಗಿಲ್ಲ.
ಹೇಗೂ ಪುರಸೊತ್ತಾಯಿತಲ್ಲ, ಪ್ಯಾಂಟು ಹೊಲಿಸೋಣ ಅಂತ.

ಜಾಲಿ ಮುಳ್ಳು ಮಂಡಿಯಿಂದ ತೊಡೆಗೆ ಸೀಳಿತ್ತು.
ಬಿಚ್ಚಿಕೊಟ್ಟು, ನನ್ನ ಚೌಕಳಿ ಟವೆಲ್ಲು ಸುತ್ತಿ ಕೂತ.
ಸೊಂಟದ ಮೇಲೆ ಸಿಪಾಯಿ ತಾಮಂಗ್, ಆ ಹೆಸರಿನ ಪಟ್ಟಿ ನಾನೇ ಹಾಕಿದ್ದು,
ಸೊಂಟದ ಕೆಳಗೆ ನಮ್ಮ ಓಣಿಯ ಯಾರೋ.
ಮಂಡಕ್ಕಿ ಮೆಣಸಿನಕಾಯಿ ಮುಂದಿಟ್ಟೆ.
ಸತ್ತವರು ತಿನ್ನಬಹುದಾ ಎಂದದ್ದಕ್ಕೆ
ಚೀಟಿ ತಿರುವಿ ನೋಡಿದ. ಹಿಂದೆ ಏನೂ ಬರೆದಿರಲಿಲ್ಲ.
ಅವನ ಮನೆಗೆ ಹಿಂದೆಯೂ ಬೆಟ್ಟ ಮುಂದೆಯೂ ಬೆಟ್ಟವಂತೆ.
ಇಲ್ಲಿ ಎಲ್ಲ ಬಯಲು, ಕಣ್ಣು ಒರಗಿಸಲು ಒಂದು ಗೋಡೆಯಿಲ್ಲ,
ನಿದ್ದೆ ಹತ್ತುವುದಿಲ್ಲ ಎಂದ.

ಹೊಲಿಯುವ ಮುಂಚೆ ಜೇಬು ತಿರುವುವುದು ರೂಢಿ.
ಖಾಲಿ ತೋಟೆಯ ಹಿತ್ತಾಳೆ, ಎರಡು ಲವಂಗ,
ಮಡಿಸಿ ಮಡಿಸಿ ಸವೆದ ಕಾಗದ.
ಬಿಚ್ಚಿದರೆ ಅದರೊಳಗೆ
ಪೆನ್ನಿನಲ್ಲಿ ಸುತ್ತ ಗೀರಿದ ಒಂದು ಪುಟ್ಟ ಪಾದ.
ಕಿರುಬೆರಳ ಹತ್ತಿರ ಗೀಟು ಓಡಿಹೋಗಿತ್ತು,
ಕಚಗುಳಿಯಾಗಿ ಎಳೆದುಕೊಂಡಿರಬೇಕು.
ಬೂಟು ಕೊಳ್ಳಲು ಅಳತೆ, ನಾಲ್ಕು ತಿಂಗಳಾಯಿತು ಎಂದ.
ಟೇಪು ಹಿಡಿದೆ. ಐದೂಕಾಲು ಇಂಚು.
ಒಂದು ಬೆರಳು ಬಿಟ್ಟು ತಗೋ, ಕಾಗದ ಬೆಳೆಯೋದಿಲ್ಲ ಎಂದೆ,
ಅರ್ಧ ಹಿಂದಿಯಲ್ಲಿ, ಅರ್ಧ ಬೆರಳಲ್ಲಿ.

ಜೋಡಿ ಹೊಲಿಗೆ ಹಾಕಿದೆ. ಒಳಗಿಂದ ತೇಪೆಗೆ
ಉಳಿದ ಆ ಕೆಂಪು ಲಂಗದ್ದೇ ಒಂದು ಚೂರು.
ಅವನು ನೀಲಿ ಕಡೆಯವನು. ಹೇಳಲಿಲ್ಲ.

ಆರಕ್ಕೆ ಸೀಟಿ.
ಧಡಕ್ಕನೆ ಎದ್ದು, ಟವೆಲ್ಲು ಕೊಡವಿ ಮಡಿಸಿಟ್ಟು,
ಬದುಕಿ ಹೋದ.

ಬಿಳಿ ಚೀಟಿ ಮಿಷನ್ನಿನ ಖಾನೆಯಲ್ಲೇ ಉಳಿಯಿತು.
ಹಿಂಬದಿ ಖಾಲಿಯಿತ್ತಲ್ಲ,
ಊರಿಗೆ ಬಂದಮೇಲೆ ಅದರಲ್ಲಿ ಬರೆದುಕೊಂಡೆ:
ಎದೆ ಮೂವತ್ತಾರು, ತೋಳು ಇಪ್ಪತ್ತಮೂರು,
ಸೋಮವಾರ ಕೊಡಬೇಕು.